ಜಗಲಿಯ ತಂತಿಗೆ ಸೂರಕ್ಕಿ ಗೂಡು ಕಟ್ಟುತ್ತಿದೆ: ಫೋಟೋ ತೆಗೆಯಬಹುದಾ?

ಹಿತ್ತಲಮನೆ (ತೀರ್ಥಹಳ್ಳಿ) | ಫೆಬ್ರವರಿ 4

ಎಲ್ಲರಿಗೂ ನಮಸ್ಕಾರ. ಮೊನ್ನೆ ನಮ್ಮ ಜಗಲಿಯಲ್ಲಿ ಬಟ್ಟೆ ಒಣಗಿಸುವ ತಂತಿಯ ತುದಿಗೆ ಏನೋ ಕಸ ನೇತಾಡುತ್ತಿತ್ತು. ಒಣ ಎಲೆ ಚೂರು, ತೊಗಟೆ ಪುಡಿ, ಹುಳದ ಹಿಕ್ಕೆ, ಎಲ್ಲವೂ ಜೇಡರ ಬಲೆಗೆ ಅಂಟಿಕೊಂಡಿತ್ತು. ಕೋಲಿನಿಂದ ಎಳೆದು ಹಾಕೋಣ ಅಂತ ಕೈ ಎತ್ತಿದ್ದೆ. ಅಷ್ಟರಲ್ಲಿ ಹೆಬ್ಬೆರಳಿನಷ್ಟು ಸಣ್ಣ ಹಕ್ಕಿಯೊಂದು ಬಂದು ಅದಕ್ಕೇ ಜೋತುಬಿತ್ತು. ಕೊಕ್ಕಿನಲ್ಲಿದ್ದ ಬಲೆಯ ಎಳೆಯನ್ನು ಸುತ್ತಿ, ಎರಡು ಸಲ ಒತ್ತಿ, ಹೋಯಿತು. ಸೂರಕ್ಕಿ! ಹೊಟ್ಟೆ ಹಳದಿ, ಗಂಟಲು ಬೂದು ಬಿಳಿ, ಬೆನ್ನು ಕಂದು. ಗಂಡು ಸ್ವಲ್ಪ ದೂರದಲ್ಲಿ ದಾಸವಾಳದ ಗಿಡದ ಮೇಲೆ ಕೂತು ಕೂಗುತ್ತಿತ್ತು. ಬಿಸಿಲು ಬಿದ್ದಾಗ ಅದರ ನೆತ್ತಿ ಹಸಿರು, ಗಂಟಲು ನೇರಳೆ.

ಬಲೆ ಎಲ್ಲಿಂದ ತರುತ್ತದೆ ಅಂತ ನೋಡಿದರೆ ನಮ್ಮ ಜಗಲಿಯ ಮೂಲೆಯಿಂದಲೇ! ಅತ್ತೆ ಶಿವರಾತ್ರಿಗೆ ಮುಂಚೆ ಇಡೀ ಮನೆಯ ಬಲೆ ಹೊಡೆಯುವವರು. ಈ ಸಲ ಪೊರಕೆ ಹಿಡಿದು ಬಂದವರು ಹಕ್ಕಿಯನ್ನು ನೋಡಿ, ಆ ಮೂಲೆಯೊಂದನ್ನು ಬಿಟ್ಟಿದ್ದಾರೆ.

ನನ್ನ ಹತ್ತಿರ ಹಳೆಯ ಕ್ಯಾಮೆರಾ ಇದೆ, 70–300 ಎಂಎಂ ಜೂಮ್ ಲೆನ್ಸ್. ಗೂಡು ಅಡುಗೆಮನೆ ಕಿಟಕಿಯಿಂದ ಹನ್ನೆರಡು ಅಡಿ. ಮೊಟ್ಟೆಯಿಂದ ಮರಿ ಹಾರುವವರೆಗೆ ಫೋಟೋ ತೆಗೆಯಬೇಕು ಅಂತ ತುಂಬಾ ಆಸೆ. ಆದರೆ ನನ್ನಿಂದ ಅದಕ್ಕೆ ತೊಂದರೆ ಆಗಬಾರದು. ಗೊತ್ತಿರುವವರು ಹೇಳಿ.

ಬಾಲ್ಕನಿ ತೋಟ (ಬೆಂಗಳೂರು) | ಫೆಬ್ರವರಿ 4

ಅಬ್ಬಾ, ಎಷ್ಟು ಅದೃಷ್ಟ ನಿಮ್ಮದು ಅಕ್ಕ! ಕಟ್ಟುವ ಹಂತದಲ್ಲಿ ಮಾತ್ರ ತುಂಬಾ ಹುಷಾರಾಗಿರಿ. ಹಕ್ಕಿಗಳು ಜಾಗ ಬಿಟ್ಟು ಹೋಗುವುದು ಈ ಸಮಯದಲ್ಲೇ ಜಾಸ್ತಿ. ಮೊಟ್ಟೆ ಇಟ್ಟಿರುವುದಿಲ್ಲ, ಕಳೆದುಕೊಳ್ಳುವುದು ಏನೂ ಇಲ್ಲ. ಸ್ವಲ್ಪ ಅನುಮಾನ ಬಂದರೂ ಬೇರೆ ಕಡೆ ಶುರು ಮಾಡಿಬಿಡುತ್ತವೆ.

ಕಾಫಿಬೇಲಿ (ಮೂಡಿಗೆರೆ) | ಫೆಬ್ರವರಿ 4

ಅಷ್ಟೆಲ್ಲ ಹೆದರಬೇಕಾಗಿಲ್ಲ ಮೇಡಂ. ಸೂರಕ್ಕಿ ಮನೆ ಹತ್ತಿರ ಗೂಡು ಕಟ್ಟುವ ಹಕ್ಕಿ, ಜನ ಅಂದರೆ ಅದಕ್ಕೆ ಅಭ್ಯಾಸ. ನಾನು ಪಿಕಳಾರದ ಗೂಡನ್ನು ನಾಲ್ಕು ಅಡಿ ದೂರದಿಂದ ತೆಗೆದಿದ್ದೇನೆ, ಏನೂ ಆಗಲಿಲ್ಲ. ಮುಂದೆ ಯಾವುದಾದರೂ ಟೊಂಗೆ ಅಡ್ಡ ಬಂದರೆ ಕತ್ತರಿಸಿ, ಟ್ರೈಪಾಡ್ ಇಡಿ, ಮಧ್ಯಾಹ್ನ ನೆರಳಾದರೆ ಸಣ್ಣ ಫ್ಲ್ಯಾಷ್ ಹಾಕಿ. ಹಳೆಯ ಕಾಲದ ದೊಡ್ಡ ದೊಡ್ಡ ಛಾಯಾಗ್ರಾಹಕರೆಲ್ಲ ಗೂಡಿನ ಹತ್ತಿರ ಕೂತೇ ಅಲ್ವಾ ಚಿತ್ರ ತೆಗೆದಿದ್ದು?

ಧಾರವಾಡದ ಮೇಷ್ಟ್ರು | ಫೆಬ್ರವರಿ 5

ತಂಗಿ, ಟೊಂಗೆ ಕತ್ತರಿಸಬೇಡಿ. ಒಂದು ಎಲೆಯನ್ನೂ ಸರಿಸಬೇಡಿ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಹಿತ್ತಲಿನ ಅಂಜೂರದ ಗಿಡದಲ್ಲಿ ಸಿಂಪಿಗ ಹಕ್ಕಿ ಗೂಡು ಮಾಡಿತ್ತು. ಎರಡು ಎಲೆ ಸೇರಿಸಿ, ಅಂಚಿನಲ್ಲಿ ತೂತು ಮಾಡಿ, ಹತ್ತಿ ಮತ್ತು ಬಲೆಯ ಎಳೆ ಪೋಣಿಸಿ ಹೊಲಿದ ಗೂಡು. ಪ್ರತಿ ತೂತಿನ ಹೊರಗೆ ಎಳೆಯ ತುದಿ ನಾರುನಾರಾಗಿ ಹರಡಿಕೊಂಡು, ಗುಂಡಿ ಹಾಕಿದ ಹಾಗೆ ನಿಂತಿತ್ತು. ಹಾಗಾಗಿ ಎಳೆ ಜಾರುವುದಿಲ್ಲ. ನಲವತ್ತು ವರ್ಷ ಪಾಠ ಹೇಳಿದವನು ನಾನು, ಅಷ್ಟು ಚೊಕ್ಕವಾದ ಕೆಲಸ ನೋಡಿದ್ದು ಕಡಿಮೆ.

ಒಳಗೆ ಮೂರು ಮರಿ. ಮೇಲಿನಿಂದ ಎರಡು ಎಲೆ ಮುಚ್ಚಿಕೊಂಡಿದ್ದವು. ಫೋಟೋಕ್ಕೆ ಅಡ್ಡ ಅಂತ ಆ ಎಲೆಗಳನ್ನು ಹಿಂದಕ್ಕೆ ಎಳೆದು ದಾರದಿಂದ ಕಟ್ಟಿದೆ. ಬೆಳಿಗ್ಗೆ ಒಂದು ಗಂಟೆ ಚಿತ್ರ ತೆಗೆದೆ. ಮೂರು ಬಾಯಿ ತೆರೆದು ಕೂಗುವ ಚಿತ್ರ ಸಿಕ್ಕಿತು. ನಾಳೆಯೂ ತೆಗೆಯೋಣ ಅಂತ ದಾರ ಬಿಚ್ಚಲಿಲ್ಲ. ಮಧ್ಯಾಹ್ನ ಆ ಗೂಡಿಗೆ ನೆತ್ತಿಯ ಬಿಸಿಲು ನೇರವಾಗಿ ಬಿತ್ತು. ಸಂಜೆ ತೆಂಗಿನ ಮರದ ಮೇಲೆ ಕಾಗೆ ಕೂತಿದ್ದನ್ನು ನೋಡಿದೆ. ಮಾರನೇ ದಿನ ಗೂಡು ಖಾಲಿ. ತಾಯಿ ಹಕ್ಕಿ ಬಾಯಲ್ಲಿ ಹುಳ ಹಿಡಿದು ಎರಡು ದಿನ ಆ ಗಿಡಕ್ಕೆ ಬಂದು ಬಂದು ಹೋಯಿತು.

ಆ ಚಿತ್ರ ಇವತ್ತಿಗೂ ನನ್ನ ಹತ್ತಿರ ಇದೆ. ಯಾರಿಗೂ ತೋರಿಸಿಲ್ಲ.

ಕಾಫಿಬೇಲಿಯವರೇ, ಹಳೆಯ ಛಾಯಾಗ್ರಾಹಕರ ಮಾತು ನಿಜ. ಅವರ ಲೆನ್ಸ್ ಗಿಡ್ಡ, ಫಿಲ್ಮ್ ನಿಧಾನ. ಹಕ್ಕಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುವುದು ಗೂಡಿಗೆ ಮಾತ್ರ, ಹಾಗಾಗಿ ಅಲ್ಲಿ ಕಾಯುತ್ತಿದ್ದರು. ಮರೆ ಕಟ್ಟಿ, ದಿನಕ್ಕೆ ಇಷ್ಟಿಷ್ಟೇ ಹತ್ತಿರ ಸರಿಸುತ್ತಾ, ವಾರಗಟ್ಟಲೆ ಕಾದವರೂ ಇದ್ದರು. ಈಗ ಸಾಧಾರಣ ಕ್ಯಾಮೆರಾದಲ್ಲೂ ದೂರದಿಂದ ತೆಗೆಯಬಹುದು. ಅವತ್ತಿನ ಕಷ್ಟ ಇವತ್ತು ಇಲ್ಲ.

ಹಿತ್ತಲಮನೆ (ತೀರ್ಥಹಳ್ಳಿ) | ಫೆಬ್ರವರಿ 5

ಮೇಷ್ಟ್ರೇ, ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಇದನ್ನು ಬರೆದಿದ್ದಕ್ಕೆ ನಿಮಗೆ ನಮಸ್ಕಾರ. ಗೂಡಿನ ಒಳಗಿನ ಚಿತ್ರದ ಆಸೆ ಬಿಟ್ಟೆ. ಏಣಿ ಹತ್ತಿ ಮೊಟ್ಟೆ ನೋಡುವುದೂ ಇಲ್ಲ. ಕಿಟಕಿಯಿಂದ ಹೊರಗೆ ಎಷ್ಟು ಕಾಣುತ್ತದೋ ಅಷ್ಟೇ. ಆದರೆ ಕಿಟಕಿಯಿಂದ ತೆಗೆದರೆ ಎಲ್ಲಾ ಮಬ್ಬಾಗಿ ಬರುತ್ತಿದೆ. ಕಿಟಕಿಗೆ ಕಂಬಿ ಇದೆ, ಗಾಜೂ ಇದೆ. ಏನು ಮಾಡಲಿ?

ಅಡಿಕೆ ತೋಟ (ಶಿರಸಿ) | ಫೆಬ್ರವರಿ 6

ಕಿಟಕಿಗಿಂತ ಒಳ್ಳೆಯ ಮರೆ ಇನ್ನೊಂದಿಲ್ಲ ಅಕ್ಕ. ಕಾಡಿನಲ್ಲಿ ಬಟ್ಟೆಯ ಗುಡಾರದೊಳಗೆ ಬೆವರುತ್ತಾ ಕೂರುತ್ತಾರೆ, ನಿಮಗೆ ಕಾಫಿ ಕುಡಿಯುತ್ತಾ ಕೂರಬಹುದು.

ಗಾಜು ಸರಿಸಿ ತೆಗೆಯಿರಿ. ಸರಿಸಲು ಆಗದಿದ್ದರೆ ಒಳಗೂ ಹೊರಗೂ ಚೆನ್ನಾಗಿ ಒರೆಸಿ, ಲೆನ್ಸಿನ ಮುಂದಿನ ಹುಡ್ (ಕೊಳವೆಯಂತಹ ಮರೆ) ಗಾಜಿಗೆ ತಾಗುವ ಹಾಗೆ ನೇರವಾಗಿ ಇಡಿ. ಓರೆಯಾಗಿ ಹಿಡಿದರೆ ಚಿತ್ರ ಮಬ್ಬಾಗುತ್ತದೆ. ಅಡುಗೆಮನೆ ದೀಪ ಆರಿಸಿ. ಒಳಗೆ ಕತ್ತಲೆ, ಹೊರಗೆ ಬೆಳಕು ಇದ್ದರೆ ಹಕ್ಕಿಗೆ ನೀವು ಕಾಣುವುದಿಲ್ಲ. ಗಾಢ ಬಣ್ಣದ ಹಳೆಯ ಸೀರೆ ಇಳಿಬಿಟ್ಟು ಲೆನ್ಸ್ ತೂರುವಷ್ಟು ಸಂದಿ ಬಿಟ್ಟರೆ ಇನ್ನೂ ಒಳ್ಳೆಯದು. ಆ ಸೀರೆ ದಿನವಿಡೀ ಅಲ್ಲೇ ಇರಲಿ. ಒಮ್ಮೆ ಇದ್ದು ಒಮ್ಮೆ ಇಲ್ಲದಿದ್ದರೆ ಹಕ್ಕಿಗೆ ಅದೇ ಭಯ.

ಟ್ರೈಪಾಡ್ ಬೇಡ. ಎರಡು ಸೇರು ರಾಗಿ ಹಾಕಿ ಹೊಲಿದ ಬಟ್ಟೆ ಚೀಲವನ್ನು ಕಿಟಕಿ ಕಟ್ಟೆಯ ಮೇಲಿಟ್ಟು, ಅದರ ಮೇಲೆ ಲೆನ್ಸ್ ಕೂರಿಸಿ. ಅಲುಗುವುದೇ ಇಲ್ಲ. 300 ಎಂಎಂನಲ್ಲಿ ಶಟರ್ ವೇಗ 1/500 ಸೆಕೆಂಡಿಗಿಂತ ನಿಧಾನ ಮಾಡಬೇಡಿ, ಸೂರಕ್ಕಿಗೆ 1/1000 ಇಟ್ಟರೆ ಕ್ಷೇಮ. ಅದು ಒಂದು ಕ್ಷಣವೂ ಸುಮ್ಮನೆ ಕೂರುವುದಿಲ್ಲ. ಬೆಳಕು ಸಾಲದಿದ್ದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ರವರೆಗೆ ಏರಿಸಿ, ಸ್ವಲ್ಪ ಕಾಳುಕಾಳಾಗಿ ಬಂದರೂ ಪರವಾಗಿಲ್ಲ. ಅಲುಗಿ ಹಾಳಾದ ಚಿತ್ರವನ್ನು ಮಾತ್ರ ಯಾರೂ ಸರಿ ಮಾಡಲು ಆಗುವುದಿಲ್ಲ. ಗೂಡಿನ ಕಡೆ ಫ್ಲ್ಯಾಷ್ ಬೇಡವೇ ಬೇಡ.

ಇನ್ನೊಂದು ಮಾತು. ಹಕ್ಕಿ ನೇರವಾಗಿ ಗೂಡಿಗೆ ಹೋಗುವುದಿಲ್ಲ. ಮೊದಲು ಎಲ್ಲೋ ಒಂದು ಕಡೆ ಕೂತು, ಅತ್ತಿತ್ತ ನೋಡಿ, ಆಮೇಲೆ ಹೋಗುತ್ತದೆ. ಎರಡು ದಿನ ಕ್ಯಾಮೆರಾ ಇಲ್ಲದೆ ಸುಮ್ನೆ ನೋಡಿ. ಅದು ಕೂರುವ ಆ ಟೊಂಗೆ ಯಾವುದು ಅಂತ ಗೊತ್ತಾಗುತ್ತದೆ. ಫೋಕಸ್ ಅಲ್ಲಿ ಇಡಿ, ಗೂಡಿಗೆ ಬೇಡ. ನಿಮ್ಮ ಒಳ್ಳೆಯ ಚಿತ್ರಗಳೆಲ್ಲ ಅಲ್ಲೇ ಸಿಗುತ್ತವೆ.

ಕಡಲಕರೆ (ಕುಂದಾಪುರ) | ಫೆಬ್ರವರಿ 6

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ನಮ್ಮ ಬಾಗಿಲ ಪಕ್ಕದ ನೇತುಹಾಕಿದ ಕುಂಡದಲ್ಲಿ ಕೆಮ್ಮೀಸೆ ಪಿಕಳಾರ ಪ್ರತಿ ವರ್ಷ ಗೂಡು ಮಾಡುತ್ತದೆ. ಮಕ್ಕಳು ಶಾಲೆಗೆ ಹೋಗುವುದು, ಗಿಡಕ್ಕೆ ನೀರು ಹಾಕುವುದು, ಎಲ್ಲಾ ಅದರ ಪಕ್ಕದಲ್ಲೇ. ದಾಟಿ ಹೋಗುವಾಗ ಫೋನಿನಲ್ಲಿ ಒಂದು ತೆಗೆಯುತ್ತೇನೆ. ಅದು ಏಳುವುದೂ ಇಲ್ಲ. ಎಲ್ಲದಕ್ಕೂ ಬೇಡ ಬೇಡ ಅಂದರೆ ಮಕ್ಕಳಿಗೆ ಹಕ್ಕಿಯ ಮೇಲೆ ಪ್ರೀತಿ ಹೇಗೆ ಹುಟ್ಟಬೇಕು?

ಅಡಿಕೆ ತೋಟ (ಶಿರಸಿ) | ಫೆಬ್ರವರಿ 6

ನೀವು ಹೇಳಿದ್ದು ಸರಿಯೇ. ಆ ಹಕ್ಕಿ ನಿಮ್ಮ ಓಡಾಟ ನೋಡಿಯೇ ಜಾಗ ಆರಿಸಿಕೊಂಡಿದೆ. ನೀವು ದಾಟಿ ಹೋದರೆ ಅದಕ್ಕೆ ಗಾಬರಿ ಇಲ್ಲ. ಆದರೆ ಒಂದು ದಿನ ಅಲ್ಲೇ ನಿಂತು, ತಿರುಗಿ, ಅದರ ಕಣ್ಣಿಗೆ ಕಣ್ಣಿಟ್ಟು ನೋಡಿ. ಮೈ ಬಿಗಿಹಿಡಿಯುತ್ತದೆ, ಕತ್ತು ನಿಗುರಿಸುತ್ತದೆ. ಹಕ್ಕಿ ಗೂಡಿನಲ್ಲಿ ಅಲುಗದೆ ಕೂತಿದೆ ಅಂದರೆ ನೆಮ್ಮದಿಯಾಗಿದೆ ಅಂತಲೇ ಅರ್ಥ ಅಲ್ಲ. ಹೆದರಿ ಹೆಪ್ಪುಗಟ್ಟಿದ್ದರೂ ಹಾಗೇ ಕಾಣುತ್ತದೆ. ಬಾಯಲ್ಲಿ ಹುಳ ಹಿಡಿದುಕೊಂಡು ಗೂಡಿಗೆ ಬಾರದೆ ಟೊಂಗೆಯಿಂದ ಟೊಂಗೆಗೆ ಹಾರುತ್ತಾ ಚಿಕ್ ಚಿಕ್ ಅನ್ನುತ್ತಿದ್ದರೆ, ಅದು ನಮಗೆ ಹೇಳುತ್ತಿರುವುದು: ಹೋಗಿ ಅಂತ. ಆಗ ಹೋಗಿಬಿಡಬೇಕು.

ಕಡಲಕರೆ (ಕುಂದಾಪುರ) | ಫೆಬ್ರವರಿ 6

ಇದು ಒಪ್ಪುವ ಮಾತು. ಹೌದು, ಕಳೆದ ವರ್ಷ ನೆಂಟರ ಮಕ್ಕಳು ಸುತ್ತ ನಿಂತು ನೋಡಿದ ದಿನ ಅದು ತುಂಬಾ ಹೊತ್ತು ಗೂಡಿಗೆ ಬರಲಿಲ್ಲ. ಈಗ ನೆನಪಾಯಿತು.

ಕಾನೂನು ಓದುಗ (ಹಾಸನ) | ಫೆಬ್ರವರಿ 7

ಒಂದು ವಿಷಯ ಸೇರಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅನ್ನುವ ಮಾತಿನ ಅರ್ಥ ಕೊಲ್ಲುವುದು ಮಾತ್ರ ಅಲ್ಲ. ಕಾಡುಹಕ್ಕಿ ಮತ್ತು ಸರೀಸೃಪಗಳ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆ ಅಥವಾ ಗೂಡನ್ನು ಕದಡುವುದು ಕೂಡ ಅದರಲ್ಲೇ ಬರುತ್ತದೆ. ಗೂಡು ನಮ್ಮ ಮನೆ ಜಗಲಿಯಲ್ಲಿದೆ ಅಂದ ಮಾತ್ರಕ್ಕೆ ನಮ್ಮದಾಗುವುದಿಲ್ಲ.

ನ್ಯೂಜೆರ್ಸಿ ಕನ್ನಡಿಗ | ಫೆಬ್ರವರಿ 8

ಇಲ್ಲಿ ಹಿಮ ಬಿದ್ದಿದೆ, ಹಿತ್ತಲಿನಲ್ಲಿ ಕೆಂಪು ಕಾರ್ಡಿನಲ್ ಹಕ್ಕಿ ಒಂದೇ ಬಣ್ಣ. ನಿಮ್ಮ ಸೂರಕ್ಕಿ ಓದಿ ಊರು ನೆನಪಾಯಿತು. ಬೇಸಿಗೆಯಲ್ಲಿ ನಮ್ಮಲ್ಲಿಗೆ ಹಮ್ಮಿಂಗ್‌ಬರ್ಡ್ ಬರುತ್ತದೆ. ಒಂದು ಪಾಲು ಸಕ್ಕರೆ, ನಾಲ್ಕು ಪಾಲು ನೀರು ಕಲಸಿ ಬಾಟಲಿ ನೇತುಹಾಕುತ್ತೇವೆ. ಅದು ಗಾಳಿಯಲ್ಲೇ ನಿಂತು ಕುಡಿಯುತ್ತದೆ. ಮೈಸೂರಿನ ಅಮ್ಮನ ಮನೆಯಲ್ಲೂ ಸೂರಕ್ಕಿಗೆ ಹೀಗೆ ಇಟ್ಟರೆ ಹತ್ತಿರದಿಂದ ಫೋಟೋ ಸಿಗಬಹುದಾ?

ಧಾರವಾಡದ ಮೇಷ್ಟ್ರು | ಫೆಬ್ರವರಿ 8

ಬೇಡ ಸರ್. ನಮ್ಮ ಸೆಖೆಗೆ ಸಕ್ಕರೆ ನೀರು ಒಂದೇ ದಿನಕ್ಕೆ ಹುಳಿ ಬರುತ್ತದೆ. ಇರುವೆ ಮುತ್ತುತ್ತದೆ. ಅಮ್ಮನವರು ದಿನಾ ತೊಳೆಯುತ್ತಾ ಕೂರಬೇಕು. ಅದರ ಬದಲು ಎರಡು ಗಿಡ ಹಾಕಿ. ಒಂಟಿ ಎಸಳಿನ ಕೆಂಪು ದಾಸವಾಳ, ಕೇಪಳ. ಜಾಗ ಇದ್ದರೆ ಒಂದು ಬಾಳೆ. ಬಾಳೆಯ ಹೂಗೊನೆಗೆ ಸೂರಕ್ಕಿ ಬರದ ದಿನವೇ ಇಲ್ಲ. ಸುತ್ತುಸುತ್ತಿನ ಮುದ್ದೆ ದಾಸವಾಳ ನೋಡಲು ಚೆಂದ, ಆದರೆ ಹಕ್ಕಿಗಳಿಗೆ ಅದರಲ್ಲಿ ಹೆಚ್ಚೇನೂ ಸಿಗುವುದಿಲ್ಲ.

ಸೂರಕ್ಕಿ ದಾಸವಾಳದ ಹತ್ತಿರ ಏನು ಮಾಡುತ್ತದೆ ಅಂತ ಗಮನಿಸಿದ್ದೀರಾ? ಹೂವಿನ ಮುಂದಿನಿಂದ ಹೋಗುವುದು ಕಡಿಮೆ. ತೊಟ್ಟಿನ ಹತ್ತಿರ ಕೂತು, ಹೂವಿನ ಬುಡಕ್ಕೆ ಕೊಕ್ಕಿನಿಂದ ತೂತು ಮಾಡಿ ಹೀರುತ್ತದೆ. ಬಿದ್ದ ಹೂ ಎತ್ತಿ ನೋಡಿ, ಬುಡದಲ್ಲಿ ಸೂಜಿ ಚುಚ್ಚಿದಂತಹ ಗುರುತು ಇರುತ್ತದೆ. ಹಮ್ಮಿಂಗ್‌ಬರ್ಡ್ ಹಾರುತ್ತಾ ಕುಡಿದರೆ ನಮ್ಮದು ಹೆಚ್ಚಾಗಿ ಕೂತು ಕುಡಿಯುತ್ತದೆ. ಎರಡೂ ನೆಂಟರಲ್ಲ, ಹೂವಿನ ರಸ ಎರಡನ್ನೂ ಒಂದೇ ರೀತಿ ಮಾಡಿದೆ ಅಷ್ಟೆ. ಫೋಟೋ ತೆಗೆಯುವವರಿಗೆ ಇದು ಅನುಕೂಲ, ಹೂವಿನ ಕೆಳಗಿನ ತೊಟ್ಟಿಗೆ ಫೋಕಸ್ ಮಾಡಿ ಕಾದರೆ ಸಾಕು.

ನ್ಯೂಜೆರ್ಸಿ ಕನ್ನಡಿಗ | ಫೆಬ್ರವರಿ 8

ಒಳ್ಳೆಯ ಮಾತು ಮೇಷ್ಟ್ರೇ. 2021ರ ಬೇಸಿಗೆಯಲ್ಲಿ ಇಲ್ಲಿನ ಪೂರ್ವ ಭಾಗದ ಹಲವು ರಾಜ್ಯಗಳಲ್ಲಿ ಹಕ್ಕಿಗಳಿಗೆ ಕಣ್ಣು ಊದಿಕೊಳ್ಳುವ ಕಾಯಿಲೆ ಬಂದಿತ್ತು. ಆಗ ಕಾಳಿನ ತಟ್ಟೆ, ನೀರಿನ ಬೋಗುಣಿ ಎಲ್ಲಾ ಒಳಗೆ ಇಡಿ ಅಂತ ಹೇಳಿದ್ದರು. ಹಕ್ಕಿಗಳೆಲ್ಲ ಒಂದೇ ತಟ್ಟೆಗೆ ಬಂದರೆ ಕಾಯಿಲೆಯೂ ಬೇಗ ಹರಡುತ್ತದಲ್ಲ. ಅಮ್ಮನಿಗೆ ಗಿಡವನ್ನೇ ಹೇಳುತ್ತೇನೆ.

ಬಾಲ್ಕನಿ ತೋಟ (ಬೆಂಗಳೂರು) | ಫೆಬ್ರವರಿ 10

ಹಿತ್ತಲು ಇಲ್ಲದವರೂ ಇದ್ದೇವೆ ಇಲ್ಲಿ. ನನ್ನದು ನಾಲ್ಕನೇ ಮಹಡಿ, ಹನ್ನೊಂದು ಕುಂಡ, ಒಂದು ಫೋನು. ಅದಕ್ಕೆ ಸಿಕ್ಕಿಸುವ, ಸಣ್ಣದ್ದನ್ನು ದೊಡ್ಡದಾಗಿ ತೋರಿಸುವ ಮ್ಯಾಕ್ರೋ ಲೆನ್ಸು. ಅಷ್ಟರಲ್ಲೇ ನೋಡಿದ್ದನ್ನು ಹೇಳುತ್ತೇನೆ.

ಕರಿಬೇವಿನ ಗಿಡದ ಚಿಗುರಿನ ಮೇಲೆ ಸಾಸಿವೆ ಕಾಳಿಗಿಂತ ಸಣ್ಣ, ತಿಳಿ ಹಳದಿ ಮೊಟ್ಟೆ ಇತ್ತು. ಮೂರ್ನಾಲ್ಕು ದಿನಕ್ಕೆ ಹುಳ ಹೊರಗೆ ಬಂತು. ಕಪ್ಪು ಕಂದು ಮೈ, ಮಧ್ಯೆ ಬಿಳಿ ಪಟ್ಟೆ, ಥೇಟ್ ಹಕ್ಕಿ ಹಿಕ್ಕೆ! ಎಲೆ ಮಧ್ಯೆ ಎಲ್ಲರಿಗೂ ಕಾಣುವ ಹಾಗೆ ಬಿದ್ದುಕೊಂಡಿರುತ್ತದೆ. ಯಾವ ಹಕ್ಕಿ ತಾನೇ ಹಿಕ್ಕೆ ತಿನ್ನಲು ಬರುತ್ತದೆ? ನಾಲ್ಕು ಸಲ ಪೊರೆ ಬಿಟ್ಟ ಮೇಲೆ ಒಂದೇ ರಾತ್ರಿಯಲ್ಲಿ ಹಸಿರು. ಈಗ ಎಲೆಯಲ್ಲಿ ಎಲೆ. ಮುಟ್ಟಿದರೆ ತಲೆ ಹಿಂದಿನಿಂದ ಕೆಂಪು ಕೋಡು ಎರಡು ಹೊರಗೆ ಚಾಚುತ್ತದೆ, ಕೊಳೆತ ನಿಂಬೆ ಸಿಪ್ಪೆಯ ಥರ ವಾಸನೆ. ಆಮೇಲೆ ಕಾಂಡಕ್ಕೆ ಅಂಟಿಕೊಂಡು, ಸೊಂಟಕ್ಕೆ ರೇಷ್ಮೆ ಎಳೆಯ ಪಟ್ಟಿ ಕಟ್ಟಿಕೊಂಡು ಕೋಶವಾಯಿತು. ನಿಂಬೆ ಚಿಟ್ಟೆ. ಹತ್ತನೇ ದಿನ ಬೆಳಿಗ್ಗೆ ಆರೂವರೆಗೆ ಹೊರಗೆ ಬಂತು. ಕಾಫಿಗೆ ಹಾಲು ಇಟ್ಟಿದ್ದೆ, ಉಕ್ಕಿ ಒಲೆಯೆಲ್ಲ ಆದರೂ ಹೋಗಲಿಲ್ಲ.

ಫೋಟೋ ವಿಷಯ: ಬೆಳಿಗ್ಗೆ ಗಾಳಿ ಏಳುವ ಮುಂಚೆ ತೆಗೆಯಿರಿ. ಕುಂಡದ ಪಕ್ಕ ಬಿಳಿ ಕಾಗದ ಹಿಡಿದರೆ ನೆರಳಿನ ಭಾಗಕ್ಕೂ ಬೆಳಕು ಬರುತ್ತದೆ. ಹುಳದ ಮೇಲಿನಿಂದ ತೆಗೆಯಬೇಡಿ, ಫೋನನ್ನು ಅದರ ಕಣ್ಣಿನ ಮಟ್ಟಕ್ಕೆ ಇಳಿಸಿ. ಮುಖ ಕಂಡರೆ ಚಿತ್ರಕ್ಕೆ ಜೀವ ಬರುತ್ತದೆ.

ಒಂದು ಬೇಡಿಕೆ. ಹುಳ, ಚಿಟ್ಟೆ, ಜೇಡ ಅಲುಗದಿರಲಿ ಅಂತ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟು ಫೋಟೋ ತೆಗೆಯುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮರಗಟ್ಟಿದ ಜೀವ ಅದು, ಕಾಲು ಮಡಚಿಕೊಂಡಿರುವುದು ಚಿತ್ರದಲ್ಲಿ ಗೊತ್ತಾಗುತ್ತದೆ. ಮತ್ತೆ ಕರಿಬೇವಿಗೆ ಔಷಧಿ ಹೊಡೆಯಬೇಡಿ. ಹುಳ ತಿಂದ ರೆಂಬೆ ತಿಂಗಳೊಳಗೆ ಚಿಗುರುತ್ತದೆ. ಸೂರಕ್ಕಿ ಮರಿಗೂ ಊಟ ಹೂವಿನ ರಸ ಅಲ್ಲ, ಹುಳ ಮತ್ತು ಜೇಡ. ಔಷಧಿ ಹೊಡೆದ ಹಿತ್ತಲಿನಲ್ಲಿ ಮರಿಗೆ ಏನು ತಂದು ಕೊಡಬೇಕು?

ಧಾರವಾಡದ ಮೇಷ್ಟ್ರು | ಫೆಬ್ರವರಿ 12

ಈ ವಾರಾಂತ್ಯ ಹಿತ್ತಲ ಹಕ್ಕಿ ಎಣಿಕೆ ಇದೆ, ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಇಡೀ ಜಗತ್ತಿನಲ್ಲಿ ನಡೆಯುತ್ತದೆ. 1998ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು, ಭಾರತ 2013ರಿಂದ ಸೇರಿದೆ. ಕನಿಷ್ಠ 15 ನಿಮಿಷ ಒಂದು ಕಡೆ ಕೂತು, ಕಂಡ ಹಕ್ಕಿಗಳನ್ನೆಲ್ಲ ಎಣಿಸಿ ಇಬರ್ಡ್ ಅನ್ನುವ ಆಪ್‌ನಲ್ಲಿ ಹಾಕಬೇಕು. ಕಾಗೆ, ಪಾರಿವಾಳ, ಗೊರವಂಕ ಅಂತ ಬಿಡಬೇಡಿ, ಅವೂ ಬೇಕು. ಇಲ್ಲಿರುವ ಎಲ್ಲರೂ ಒಂದೊಂದು ಪಟ್ಟಿ ಹಾಕಿದರೆ ನನಗೆ ತುಂಬಾ ಸಂತೋಷ.

ಫೋಟೋ ತೆಗೆಯುವ ಎಲ್ಲರಿಗೂ ಇನ್ನೊಂದು ಮಾತು. ಜೊತೆಗೆ ಒಂದು ನೋಟ್‌ಬುಕ್ ಇಡಿ. ದಿನ, ಹೊತ್ತು, ಯಾವ ಗಿಡ, ಏನು ಮಾಡುತ್ತಿತ್ತು, ನಾಲ್ಕು ಸಾಲು ಸಾಕು. ನಮ್ಮ 30–40 ಅಡಿ ಹಿತ್ತಲಿನಲ್ಲಿ ನವರಂಗ ಹಕ್ಕಿ ಮೂರು ಚಳಿಗಾಲ ಬಂದಿದೆ. ಪ್ರತಿ ಸಲವೂ ತರಗೆಲೆ ಗುಡಿಸದೆ ಬಿಟ್ಟ ವರ್ಷವೇ. ಇದು ಫೋಟೋದಿಂದ ಗೊತ್ತಾಗಲಿಲ್ಲ, ನೋಟ್‌ಬುಕ್ ತಿರುವಿದಾಗ ಗೊತ್ತಾಯಿತು. ಆಮೇಲೆ ನಾನು ಎಲೆ ಗುಡಿಸಿ ಸುಡುವುದನ್ನು ಬಿಟ್ಟೆ.

ತುಮಕೂರು ಕಡೆಯವನು | ಫೆಬ್ರವರಿ 14

ನಮ್ಮ ತೋಟದ ಬೇಲಿಯಲ್ಲಿ ಕಾಡುಪಾಪ (ಲೋರಿಸ್ ಅನ್ನುವ ಪುಟ್ಟ ರಾತ್ರಿ ಪ್ರಾಣಿ) ಇದೆ. ರಾತ್ರಿ ಟಾರ್ಚ್ ಬಿಟ್ಟರೆ ಎರಡು ಕೆಂಡದಂತಹ ಕಣ್ಣು. ತೊಂದರೆ ಏನೆಂದರೆ ಬಿಳಿ ಬೆಳಕು ಅದಕ್ಕೆ ಆಗುವುದಿಲ್ಲ, ಅಲ್ಲೇ ನಿಂತುಬಿಡುತ್ತದೆ. ಟಾರ್ಚಿಗೆ ಕೆಂಪು ಕಾಗದ ಕಟ್ಟಿದ ಮೇಲೆ ಅದರ ಪಾಡಿಗೆ ಅದು ಹುಳ ಹಿಡಿಯುತ್ತಾ, ಒಂದೊಂದೇ ಕೈ ಎತ್ತಿಡುತ್ತಾ ಹೋಗುತ್ತದೆ. ಫೋಟೋ ಅಷ್ಟು ಚೆನ್ನಾಗಿ ಬರುವುದಿಲ್ಲ, ಆದರೆ ನೋಡಲು ಸಿಗುತ್ತದೆ. ಫ್ಲ್ಯಾಷ್ ನಾನು ಹಾಕುವುದಿಲ್ಲ.

ಊರಿನ ಹೆಸರು ಮಾತ್ರ ಹೇಳುವುದಿಲ್ಲ, ಕೇಳಬೇಡಿ. ಮಾಟಮಂತ್ರ ಅಂತ ಇವನ್ನು ಹಿಡಿದು ಕೊಲ್ಲುವ ಜನ ಇನ್ನೂ ಇದ್ದಾರೆ. ಫೋನಿನಲ್ಲಿ ಫೋಟೋ ತೆಗೆದರೆ ಜಾಗದ ಗುರುತು ಅದರೊಳಗೇ ಸೇರಿಕೊಳ್ಳುತ್ತದೆ, ಅದನ್ನು ಆಫ್ ಮಾಡಿ ಇಡಿ.

ಅಡಿಕೆ ತೋಟ (ಶಿರಸಿ) | ಫೆಬ್ರವರಿ 17

ಹಕ್ಕಿ ಎಣಿಕೆಗೆ ಕೂತಾಗ ಕಂಡಿದ್ದನ್ನು ಹೇಳಲೇಬೇಕು. ಹಾರುವ ಓತಿ! ಅಡಿಕೆ ಮರದ ತೊಗಟೆಯ ಬಣ್ಣವೇ ಅದರ ಬಣ್ಣ, ಎದುರಿಗೇ ಇದ್ದರೂ ಕಾಣುವುದಿಲ್ಲ. ಗಂಡು ಗಂಟಲಿನ ಹಳದಿ ಚೀಲವನ್ನು ಬಾವುಟದ ಹಾಗೆ ಚಾಚಿ ಮಡಚಿ ಮಾಡಿದಾಗ ಮಾತ್ರ ಗೊತ್ತಾಗುತ್ತದೆ. ಮರದ ಬಿಸಿಲಿನ ಮಗ್ಗುಲಲ್ಲಿ ಕೂತು ಸಾಲಾಗಿ ಬರುವ ಇರುವೆಗಳನ್ನು ಒಂದೊಂದಾಗಿ ನೆಕ್ಕುತ್ತಿತ್ತು.

ನಾವು ಒಂದು ಕಡೆ ಬಂದರೆ ಅದು ಮರ ಸುತ್ತಿ ಇನ್ನೊಂದು ಕಡೆ ಹೋಗುತ್ತದೆ. ಅದಕ್ಕೆ ಅಟ್ಟಿಸಿಕೊಂಡು ಸುತ್ತಬಾರದು. ಪಕ್ಕದ ಮರಕ್ಕೆ ಒರಗಿ ಅರ್ಧ ಗಂಟೆ ಕೂತೆ, ತಾನೇ ತಿರುಗಿ ಬಂತು. ರೆಕ್ಕೆ ಬಿಚ್ಚಿದ ಚಿತ್ರಕ್ಕಾಗಿ ಕಲ್ಲು ಹೊಡೆಯುವವರನ್ನು ನೋಡಿದ್ದೇನೆ. ಅದು ಹಾರಲಿ ಅಂತ ಎಬ್ಬಿಸಿದರೆ ತಿನ್ನುವ ಹೊತ್ತು, ಮೈ ಕಾಯಿಸುವ ಹೊತ್ತು ಎಲ್ಲಾ ಹಾಳು. ಹಾರುವ ಮುಂಚೆ ತಲೆ ಕೆಳಗೆ ಮಾಡಿ ಎದುರಿನ ಮರ ನೋಡುತ್ತದೆ. ಆಗ ಶಟರ್ 1/2000ಕ್ಕೆ ಇಟ್ಟುಕೊಂಡು, ಮರದ ಪಕ್ಕದ ಖಾಲಿ ಜಾಗ ಚೌಕಟ್ಟಿನಲ್ಲಿ ಬರುವ ಹಾಗೆ ಹಿಡಿದರೆ ಆಯಿತು. ನನಗೆ ಕೊನೆಗೂ ಒಂದು ಚಿತ್ರ ಸಿಕ್ಕಿತು. ಕಿತ್ತಳೆ ಕಪ್ಪು ರೆಕ್ಕೆ, ಹಿಂದೆ ಅಡಿಕೆ ಸೋಗೆ. ನನಗಂತೂ ಹಬ್ಬ.

ಹಿತ್ತಲಮನೆ (ತೀರ್ಥಹಳ್ಳಿ) | ಫೆಬ್ರವರಿ 28

ಸುದ್ದಿ! ಮರಿ ಬಂದಿವೆ. ಒಳಗೆ ನೋಡಿಲ್ಲ, ನೋಡುವುದೂ ಇಲ್ಲ. ಆದರೆ ನಿನ್ನೆ ಬೆಳಿಗ್ಗೆಯಿಂದ ಹೆಣ್ಣು ಒಳಗೆ ಕೂರುವುದು ಕಡಿಮೆಯಾಗಿದೆ, ಗಂಡು ಹೆಣ್ಣು ಎರಡೂ ಬಾಯಲ್ಲಿ ಏನೋ ಹಿಡಿದು ಬರುತ್ತಿವೆ. ಸಣ್ಣ ಹಸಿರು ಹುಳ, ಕಾಲು ಮುದುಡಿದ ಜೇಡ. ಏಳರಿಂದ ಎಂಟರವರೆಗೆ ಎಣಿಸಿದೆ, ಹದಿನಾಲ್ಕು ಸಲ. ಹೋಗುವಾಗ ಬಿಳಿ ಗುಳಿಗೆಯಂತಹದ್ದನ್ನು ಕೊಕ್ಕಿನಲ್ಲಿ ಎತ್ತಿಕೊಂಡು ಹೋಗಿ ದೂರ ಹಾಕುತ್ತವೆ. ಏನದು?

ಅಡಿಕೆ ತೋಟದವರು ಹೇಳಿದ ಟೊಂಗೆ ಸಿಕ್ಕಿತು. ದಾಸವಾಳದ ಒಣಗಿದ ಕಡ್ಡಿ. ಎರಡೂ ಹಕ್ಕಿ ಮೊದಲು ಅಲ್ಲಿ ಕೂರುತ್ತವೆ. ಅತ್ತೆ ಅದನ್ನು ಮುರಿದು ಹಾಕಬೇಕು ಅಂತಿದ್ದರು, ಈಗ ಯಾರೂ ಮುಟ್ಟುವ ಹಾಗಿಲ್ಲ ಅಂತ ಅವರೇ ಹೇಳುತ್ತಿದ್ದಾರೆ.

ಭಯ ಒಂದೇ. ಪಕ್ಕದ ಮನೆ ಬೆಕ್ಕು. ಮತ್ತೆ ಕೆಂಬೂತ ಒಂದು ಎರಡು ದಿನದಿಂದ ಬೇಲಿಯಲ್ಲಿ ಹೊಂಚು ಹಾಕುತ್ತಿದೆ.

ಧಾರವಾಡದ ಮೇಷ್ಟ್ರು | ಫೆಬ್ರವರಿ 28

ಬಿಳಿ ಗುಳಿಗೆ ಮರಿಯ ಹಿಕ್ಕೆ, ಪೊರೆಯೊಳಗೆ ಚೀಲದ ಹಾಗೆ ಬರುತ್ತದೆ. ಗೂಡು ಗಲೀಜಾಗಬಾರದು, ವಾಸನೆಗೆ ವೈರಿ ಬರಬಾರದು, ಅದಕ್ಕೆ ದೂರ ಹಾಕುತ್ತವೆ.

ಬೆಕ್ಕು ನಾವು ತಂದ ಪ್ರಾಣಿ, ಅದನ್ನು ತಡೆಯಬೇಕು. ಪಕ್ಕದವರ ಹತ್ತಿರ ಎರಡು ವಾರ ಬೆಳಿಗ್ಗೆ ಸಂಜೆ ಒಳಗೆ ಇಟ್ಟುಕೊಳ್ಳಿ ಅಂತ ಕೇಳಿ. ತಂತಿಯ ಕೆಳಗೆ ಇರುವ ಸ್ಟೂಲು, ಡ್ರಮ್ಮು ತೆಗೆಯಿರಿ. ಕೆಂಬೂತ ಬೇರೆ. ಅದಕ್ಕೂ ಎಲ್ಲೋ ಮರಿ ಇರಬಹುದು. ಮರಿ ತಿನ್ನುವುದು ಅದರ ಬದುಕು. ನೀವು ಜಗಲಿಯಲ್ಲಿ ಓಡಾಡಿಕೊಂಡಿದ್ದರೆ ತಾನೇ ದೂರ ಇರುತ್ತದೆ. ಬಹುಶಃ ಅದಕ್ಕೇ ಸೂರಕ್ಕಿ ನಿಮ್ಮ ಜಗಲಿ ಆರಿಸಿಕೊಂಡಿದ್ದು.

ಮರಿ ಕೆಳಗೆ ಬಿದ್ದರೆ ಎತ್ತಿ ಗೂಡಿಗೆ ಇಡಬಹುದು. ಮನುಷ್ಯ ಮುಟ್ಟಿದರೆ ತಾಯಿ ಬಿಡುತ್ತದೆ ಅನ್ನುವುದು ಸುಳ್ಳು. ಆದರೆ ಗರಿ ಪೂರ್ತಿ ಬಂದು, ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ. ಬೆಕ್ಕು ಬಾರದ ಹಾಗೆ ನೋಡಿಕೊಳ್ಳಿ ಸಾಕು, ತಂದೆ ತಾಯಿ ಅಲ್ಲೇ ಬಂದು ತಿನಿಸುತ್ತವೆ.

ಕಾಫಿಬೇಲಿ (ಮೂಡಿಗೆರೆ) | ಮಾರ್ಚ್ 6

ಮೇಷ್ಟ್ರ ಮಾತು ಓದಿದ ಮೇಲೆ ನಾನು ಗೂಡಿನ ಹತ್ತಿರ ಹೋಗುವುದನ್ನು ಬಿಟ್ಟಿದ್ದೇನೆ. ನಾಲ್ಕು ಅಡಿಯಿಂದ ತೆಗೆದ ಆ ಪಿಕಳಾರದ ಗೂಡು ಆಮೇಲೆ ಏನಾಯಿತು ಅಂತ ನಾನು ಹೋಗಿ ನೋಡಲೇ ಇಲ್ಲ, ಅದು ಈಗ ಅರ್ಥವಾಗುತ್ತಿದೆ. ಏನೂ ಆಗಲಿಲ್ಲ ಅಂತ ಬರೆದಿದ್ದೆ. ಗೊತ್ತಿಲ್ಲದೆ ಬರೆದಿದ್ದೆ.

ಈಗ ಮಣ್ಣಿನ ಅಗಲ ತಟ್ಟೆಯಲ್ಲಿ ಎರಡು ಇಂಚು ನೀರು ಹಾಕಿ, ಮಧ್ಯೆ ಒಂದು ಕಲ್ಲು ಇಟ್ಟಿದ್ದೇನೆ. ಪಕ್ಕದಲ್ಲಿ ಒಣ ಕಾಫಿ ಕೊಂಬೆ ನೆಟ್ಟಿದ್ದೇನೆ. ಪೊದೆಗೆ ತಾಗಿಸಿಲ್ಲ, ಬೆಕ್ಕು ಅಡಗಬಾರದು ಅಂತ. ದಿನಾ ತೊಳೆದು ನೀರು ಬದಲಿಸುತ್ತೇನೆ. ಮಧ್ಯಾಹ್ನ ಎರಡೂವರೆಗೆ ಹರಟೆಮಲ್ಲಗಳು ಏಳು ಒಟ್ಟಿಗೆ ಬಂದು ಗಲಾಟೆ ಮಾಡಿ ಸ್ನಾನ ಮಾಡುತ್ತವೆ. ಅವು ಹೋದ ಮೇಲೆ ಮಡಿವಾಳ ಹಕ್ಕಿ ಒಂಟಿಯಾಗಿ ಬರುತ್ತದೆ. ಬಾಲ ಎತ್ತಿ, ಒಮ್ಮೆ ಮುಳುಗಿ, ಕೊಂಬೆ ಮೇಲೆ ಕೂತು ಗರಿಯೆಲ್ಲ ಬಿಡಿಸಿ ಒಣಗಿಸುತ್ತದೆ. ನೆಲದ ಮೇಲೆ ಮಲಗಿ, ನೀರಿನ ಮಟ್ಟದಿಂದ ತೆಗೆದೆ. ಹಕ್ಕಿಯ ಪ್ರತಿಬಿಂಬ ನೀರಿನಲ್ಲಿ ಪೂರ್ತಿ ಬಂದಿದೆ. ಹತ್ತು ವರ್ಷದಲ್ಲಿ ಇಂತಹ ಚಿತ್ರ ನಾನು ತೆಗೆದಿರಲಿಲ್ಲ.

ಹಿತ್ತಲಮನೆ (ತೀರ್ಥಹಳ್ಳಿ) | ಮಾರ್ಚ್ 16

ನಿನ್ನೆ ಬೆಳಿಗ್ಗೆ ಹಾರಿದವು. ಎರಡು.

ಆರೂಮುಕ್ಕಾಲಕ್ಕೆ ಮೊದಲನೆಯದು ಗೂಡಿನ ಬಾಯಿಗೆ ಬಂದು, ಅರ್ಧ ಮೈ ಹೊರಗೆ ಹಾಕಿ ಕೂತಿತು. ಗಂಡು ಹಕ್ಕಿ ಆ ಒಣ ಕಡ್ಡಿಯ ಮೇಲೆ ಕೂತು ಕರೆಯುತ್ತಿತ್ತು, ಬಾಯಲ್ಲಿ ಹುಳ. ಕೊಡಲಿಲ್ಲ. ಕರೆಯುತ್ತಲೇ ಇತ್ತು. ನಾನು, ಅತ್ತೆ, ಮಗಳು ಮೂವರೂ ಸೀರೆಯ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದೆವು. ಮರಿ ಧುಪ್ ಅಂತ ಕೆಳಗೆ ಬಿದ್ದ ಹಾಗೆ ಹೋಗಿ, ನೆಲಕ್ಕೆ ಒಂದು ಅಡಿ ಇರುವಾಗ ರೆಕ್ಕೆ ಬಡಿದು, ದಾಸವಾಳದ ಒಳಗೆ ಹೊಕ್ಕಿತು. ಎರಡನೆಯದು ಇನ್ನೂ ಒಂದು ಗಂಟೆ ಯೋಚನೆ ಮಾಡಿತು.

ಮರಿ ಹಾರಿದ ಚಿತ್ರ ನನ್ನ ಹತ್ತಿರ ಇಲ್ಲ. ಆ ಹೊತ್ತಿನಲ್ಲಿ ಕ್ಯಾಮೆರಾದಿಂದ ಕಣ್ಣು ತೆಗೆದಿದ್ದೆ. ಆದರೆ ಆಮೇಲೆ ಸಿಕ್ಕ ಒಂದನ್ನು ಹಾಕುತ್ತಿದ್ದೇನೆ. ಒಣ ಕಡ್ಡಿಯ ಮೇಲೆ ಎರಡು ಮರಿ ಒಂದಕ್ಕೊಂದು ಅಂಟಿಕೊಂಡಿವೆ. ಬಾಯಿಯ ಅಂಚು ಇನ್ನೂ ಹಳದಿ, ಬಾಲ ಮೊಂಡು. ತಾಯಿ ಹಕ್ಕಿ ಅವುಗಳ ಮುಂದೆ, ರೆಕ್ಕೆ ಅರ್ಧ ಬಿಚ್ಚಿ, ಒಂದರ ಬಾಯೊಳಗೆ ಕೊಕ್ಕು ಇಟ್ಟಿದೆ. 300 ಎಂಎಂ, 1/1000, ಐಎಸ್‌ಒ 1250, ರಾಗಿ ಚೀಲದ ಮೇಲೆ.

ಒಟ್ಟು 41 ದಿನ ನೋಡಿದೆ. ನೋಟ್‌ಬುಕ್ಕಿನಲ್ಲಿ 26 ಪುಟ ಆಗಿದೆ ಮೇಷ್ಟ್ರೇ. ಮಗಳು ಕೆಲವು ಪುಟಕ್ಕೆ ಚಿತ್ರ ಬರೆದಿದ್ದಾಳೆ.

ಕಡಲಕರೆ (ಕುಂದಾಪುರ) | ಮಾರ್ಚ್ 16

ಕಣ್ಣು ತುಂಬಿ ಬಂತು ಅಕ್ಕ. ಖಾಲಿ ಗೂಡು ಏನು ಮಾಡುತ್ತೀರಿ? ತೆಗೆದು ಮಗಳ ಶಾಲೆಗೆ ಕೊಡುತ್ತೀರಾ?

ಹಿತ್ತಲಮನೆ (ತೀರ್ಥಹಳ್ಳಿ) | ಮಾರ್ಚ್ 19

ಮಗಳು ಅದನ್ನೇ ಕೇಳಿದಳು. ಸದ್ಯಕ್ಕೆ ಅಲ್ಲೇ ಇರಲಿ ಅಂತ ಹೇಳಿದೆ. ಮರಿಗಳನ್ನು ಗಂಡು ಹಕ್ಕಿ ಬೇಲಿಯ ಕಡೆ ಕರೆದುಕೊಂಡು ತಿನಿಸುತ್ತಿದೆ, ಕೂಗು ಕೇಳುತ್ತದೆ.

ಶಿವರಾತ್ರಿಯೂ ಮುಗಿಯಿತು, ಇನ್ನು ಮೂಲೆಯ ಬಲೆ ಹೊಡೆಯಬಹುದಾ ಅಂತ ಅತ್ತೆ ಇವತ್ತು ಪೊರಕೆ ತೆಗೆದುಕೊಂಡು ಬಂದರು. ನಾನು ಉತ್ತರ ಕೊಡುವ ಮುಂಚೆ ಹೆಣ್ಣು ಹಕ್ಕಿ ಬಂದು ಅದೇ ಮೂಲೆಗೆ ಜೋತುಬಿದ್ದು, ಒಂದು ಎಳೆ ಎಳೆದುಕೊಂಡು ಸಂಪಿಗೆ ಮರದ ಕಡೆ ಹೋಯಿತು. ಅತ್ತೆ ಪೊರಕೆಯನ್ನು ಬಾಗಿಲ ಹಿಂದೆ ಇಟ್ಟು ಒಳಗೆ ಹೋದರು.